ಬೈರಿಗೆ ಮಣ್ಣಿಗಿಳಿದ ಬಗೆ

ತೋಟದಲ್ಲಿ ಗಿಡ, ಗೆಡ್ಡೆ ಅಥವಾ ಗೂಟ ನೆಡಲು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ನೆಲ ಕೊರೆಯುವ ಸುರುಳಿ ಸಲಾಕೆಗೆ ಆಗರ್ ಎಂದು ಹೆಸರು. ಬಡಗಿ ಮರಕ್ಕೆ ತೂತು ಹಾಕಲು ಬಳಸುವ ಬೈರಿಗೆಯ ವಂಶಕ್ಕೆ ಸೇರಿದ ಸಲಕರಣೆ ಇದು. ನಡುವೆ ಉಕ್ಕಿನ ದಂಡ, ಅದನ್ನು ಸುತ್ತಿಕೊಂಡು ಮೇಲೇರುವ ಸುರುಳಿ ರೆಕ್ಕೆ, ತುದಿಯಲ್ಲಿ ಒಂದು ಮೊನೆ, ಮೊನೆಯ ಪಕ್ಕದಲ್ಲಿ ಮಣ್ಣು ಕತ್ತರಿಸುವ ಅಲಗು, ಮೇಲ್ತುದಿಯಲ್ಲಿ ಡ್ರಿಲ್‌ನ ಚಕ್ ಬಿಗಿಯಾಗಿ ಹಿಡಿಯುವಂತೆ ಆರು ಮುಖದ ಹಿಡಿ: ಇಷ್ಟೇ ಅದರ ಅಂಗಗಳು. ಮೊನೆ ಜಾಗ ಹಿಡಿದು ನಿಲ್ಲುತ್ತದೆ, ಅಲಗು ಮಣ್ಣನ್ನು ಹೆರೆಯುತ್ತದೆ, ಹೆರೆದ ಮಣ್ಣನ್ನು ಸುರುಳಿ ಮೇಲಕ್ಕೆ ಸಾಗಿಸುತ್ತದೆ.

ಈ ಮೂರರಲ್ಲಿ ಕೊನೆಯದೇ ಮುಖ್ಯ. ನೆಲವನ್ನು ಒಡೆಯುವ ಉಪಾಯ ಮನುಷ್ಯನಿಗೆ ಬಹಳ ಹಿಂದೆಯೇ ಸಿಕ್ಕಿತು. ಒಡೆದ ಮಣ್ಣನ್ನು ಕಿರಿದಾದ ಗುಂಡಿಯ ಆಳದಿಂದ ಹೊರಗೆ ತರುವ ಉಪಾಯಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ಬೈರಿಗೆಯ ಚರಿತ್ರೆಯೆಂದರೆ ಹೆಚ್ಚಿನಂಶ ಈ ಒಂದು ತೊಡಕನ್ನು ಬಿಡಿಸಿದ ಚರಿತ್ರೆ.

ಕೋಲು, ಗುದ್ದಲಿ, ಹಾರೆ

ಗುಂಡಿ ತೋಡುವ ಅತಿ ಹಳೆಯ ಸಾಧನ ಮೊನೆ ಮಾಡಿದ ಮರದ ಕೋಲು. ಬೇಸಾಯಕ್ಕೂ ಮೊದಲೇ ಗೆಡ್ಡೆ ಗೆಣಸು ಅಗೆಯಲು ಅದು ಬಳಕೆಯಲ್ಲಿತ್ತು. ದಕ್ಷಿಣ ಆಫ್ರಿಕಾದ ಸಾನ್ ಜನರು ಕೋಲಿನ ನಡುವೆ ತೂತುಳ್ಳ ದುಂಡು ಕಲ್ಲನ್ನು ತೊಡಿಸಿ ಅದಕ್ಕೆ ಭಾರ ಕೊಡುತ್ತಿದ್ದರು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಇಂಥದ್ದೇ ತೂತುಗಲ್ಲುಗಳು ದೊರೆತಿದ್ದು, ಅವೂ ಅಗೆಯುವ ಕೋಲಿನ ಭಾರಗಳಾಗಿದ್ದಿರಬಹುದು ಎಂಬುದು ಪುರಾತತ್ವಜ್ಞರ ಒಂದು ಅಭಿಪ್ರಾಯ. ಕಬ್ಬಿಣ ಬಂದ ಮೇಲೆ ಕೋಲಿನ ಕೆಲಸ ಹಾರೆಗೂ ಗುದ್ದಲಿಗೂ ಹಂಚಿಹೋಯಿತು. ಗಟ್ಟಿ ನೆಲ ಬಿರಿಯಲು ಹಾರೆ, ಪಿಕಾಸಿ. ಬಿರಿದ ಮಣ್ಣು ಎಳೆಯಲು ಗುದ್ದಲಿ. ಎತ್ತಿ ಹಾಕಲು ಸಲಿಕೆ, ಬುಟ್ಟಿ.

ಈ ಸಲಕರಣೆಗಳಿಗೆ ಒಂದು ಮಿತಿಯಿದೆ. ಗುದ್ದಲಿ ಬೀಸಲು ಜಾಗ ಬೇಕು. ಆಳ ಹೆಚ್ಚಿದರೆ ಆಳೇ ಗುಂಡಿಯೊಳಗೆ ಇಳಿಯಬೇಕು. ಆದ್ದರಿಂದ ಗುದ್ದಲಿಯಲ್ಲಿ ತೋಡಿದ ಆಳದ ಗುಂಡಿ ಅಗಲವೂ ಆಗಿಯೇ ತೀರುತ್ತದೆ. ಬೇಲಿ ಕಂಬಕ್ಕೆ ಕಿರಿದಾದ ಗುಂಡಿ ಬೇಕೆಂದರೆ ಹಾರೆಯಿಂದ ಕುಟ್ಟಿ, ಸಡಿಲವಾದ ಮಣ್ಣನ್ನು ಮಂಡಿಯೂರಿ ಕೈಯಿಂದಲೋ ತೆಂಗಿನ ಕರಟದಿಂದಲೋ ಬಾಚಿ ತೆಗೆಯಬೇಕು. ಕುಟ್ಟುವುದಕ್ಕೆ ಬೇಕಾದಷ್ಟೇ ಹೊತ್ತು ಬಾಚುವುದಕ್ಕೂ ಬೇಕು.

ಗಿಡ ನೆಡುವ ಗುಂಡಿಯ ವಿಚಾರ ಭಾರತದ ಹಳೆಯ ಗ್ರಂಥಗಳಲ್ಲಿ ವಿವರವಾಗಿಯೇ ಬಂದಿದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಭಾಗವು ಮರದಿಂದ ಮರಕ್ಕೆ ಇಪ್ಪತ್ತು ಮೊಳದ ಅಂತರ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಅಧಮ ಎನ್ನುತ್ತದೆ. ಒಂದು ಮೊಳ ಅಗಲ, ಎರಡು ಮೊಳ ಆಳದ ಗುಂಡಿ ತೋಡಿ, ಒಣಗಿಸಿ, ಒಳಗೆ ಬೆಂಕಿ ಹಾಕಿ ಸುಟ್ಟು, ಬೂದಿ ಬೆರೆಸಿದ ಜೇನು ತುಪ್ಪಗಳನ್ನು ಬಳಿಯುವ ಕ್ರಮವೂ ಅದರಲ್ಲಿದೆ. ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿಗೆ, ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಭಾಗ ಮೀಸಲಾಗಿದೆ. ಗುಂಡಿಯೆಂದರೆ ಬರಿಯ ಪೊಳ್ಳು ಜಾಗವಲ್ಲ, ಬೇರಿನ ಮೊದಲ ಮನೆ ಎಂಬ ತಿಳಿವಳಿಕೆ ಈ ಗ್ರಂಥಪರಂಪರೆಯದು.

ಮರ ಕೊರೆದ ಬೈರಿಗೆ

ಬೈರಿಗೆ ಹುಟ್ಟಿದ್ದು ಮಣ್ಣಿಗಾಗಿ ಅಲ್ಲ, ಮರಕ್ಕಾಗಿ. ಆಗರ್ ಎಂಬ ಇಂಗ್ಲಿಷ್ ಹೆಸರೇ ಅದಕ್ಕೆ ಸಾಕ್ಷಿ. ಹಳೆಯ ಇಂಗ್ಲಿಷಿನಲ್ಲಿ ಅದು ನಫುಗಾರ್ ಎಂಬ ಜೋಡುಪದ: ನಫು ಎಂದರೆ ಗಾಡಿಯ ಚಕ್ರದ ಗುಂಬ, ಗಾರ್ ಎಂದರೆ ಈಟಿ. ಗುಂಬ ಕೊರೆಯುವ ಈಟಿ ಎಂದು ಅರ್ಥ. ಕಾಲಾಂತರದಲ್ಲಿ ಪದದ ಮೊದಲಿನ ನಕಾರ ಅದರ ಹಿಂದೆ ಬರುತ್ತಿದ್ದ ಇನ್ನೊಂದು ಪದಕ್ಕೆ ಅಂಟಿಕೊಂಡು, ಉಳಿದದ್ದು ಆಗರ್ ಆಯಿತು.

ಬೈರಿಗೆ ತೋಟಕ್ಕೆ ಕಾಲಿಟ್ಟ ಹಳೆಯ ದಾಖಲೆಯೊಂದು ರೋಮಿನದು. ಕ್ರಿ.ಶ. ಒಂದನೆಯ ಶತಮಾನದ ಕೃಷಿ ಲೇಖಕ ಕೊಲುಮೆಲ್ಲನು ದ್ರಾಕ್ಷಿ ಬಳ್ಳಿಗೆ ಕಸಿ ಕಟ್ಟಲು ಕಾಂಡವನ್ನು ಕೊರೆಯುವ ವಿಧಾನ ವಿವರಿಸುತ್ತ ಎರಡು ಬಗೆಯ ಬೈರಿಗೆಗಳನ್ನು ಹೋಲಿಸುತ್ತಾನೆ. ಹಳೆಯ ಬೈರಿಗೆ ಮರವನ್ನು ಪುಡಿ ಮಾಡುತ್ತದೆ. ತೂತಿನ ಗೋಡೆ ಸುಟ್ಟಂತಾಗಿ ಕಸಿ ಕೂಡಿಕೊಳ್ಳುವುದಿಲ್ಲ. ಗಾಲ್ ದೇಶದ, ಅಂದರೆ ಇಂದಿನ ಫ್ರಾನ್ಸ್ ಸೀಮೆಯ ಬೈರಿಗೆ ಪುಡಿಯ ಬದಲು ತೆಳು ಹೆರೆಗಳನ್ನು ತೆಗೆಯುತ್ತದೆ; ತೂತು ನುಣುಪಾಗಿ, ಸುಡದೆ ಉಳಿಯುತ್ತದೆ. ಆದ್ದರಿಂದ ಎರಡನೆಯದೇ ಮೇಲು ಎಂಬುದು ಅವನ ತೀರ್ಪು. ಕೊರೆಯುವಾಗ ಹೊರಬರುವ ವಸ್ತು ಯಾವ ರೂಪದಲ್ಲಿದೆ ಎಂಬುದರ ಮೇಲೆ ತೂತಿನ ಗುಣ ನಿಂತಿದೆ ಎಂದು ಆತ ಸರಿಯಾಗಿಯೇ ಗುರುತಿಸಿದ್ದನು.

ಆದರೂ ಮುಂದಿನ ಹಲವು ಶತಮಾನ ಯೂರೋಪಿನ ಬಡಗಿಗಳು ಬಳಸಿದ್ದು ಹೆಚ್ಚಾಗಿ ಚಮಚದ ಆಕಾರದ ಬೈರಿಗೆಯನ್ನೇ. ಅಡ್ಡ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸಿ ಒಂದಿಷ್ಟು ಕೊರೆಯುವುದು, ಹೊರಗೆಳೆದು ಪುಡಿ ಕೊಡವುವುದು, ಮತ್ತೆ ಇಳಿಸುವುದು. ನೀರೆತ್ತಲು ಸುರುಳಿಯನ್ನು ಬಳಸುವ ಕ್ರಮ ಆರ್ಕಿಮಿಡೀಸನ ಹೆಸರಿನೊಂದಿಗೆ ಕ್ರಿ.ಪೂ. ಮೂರನೆಯ ಶತಮಾನದಿಂದಲೂ ಪ್ರಸಿದ್ಧವಾಗಿತ್ತು. ಆ ಸುರುಳಿ ಬಡಗಿಯ ಬೈರಿಗೆಗೆ ಬಂದು ನೆಲೆಯಾದದ್ದು ಮಾತ್ರ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ. 1770ರ ದಶಕದ ಇಂಗ್ಲೆಂಡಿನಲ್ಲಿ ಫಿನಿಯಸ್ ಕುಕ್ ಸುರುಳಿ ಬೈರಿಗೆಯನ್ನು ಮುಂದಿಟ್ಟನು. 1809ರಲ್ಲಿ ಅಮೆರಿಕದ ಕನೆಕ್ಟಿಕಟ್‌ನ ಎಜ್ರಾ ಲೊಮೆಡ್ಯೂ ತಿರುಪು ಬೈರಿಗೆಗೆ ಪೇಟೆಂಟ್ ಪಡೆದನು. 1855ರಲ್ಲಿ ರಸೆಲ್ ಜೆನ್ನಿಂಗ್ಸ್ ಎರಡು ಸುರುಳಿಗಳ ಬೈರಿಗೆಯನ್ನು ಸುಧಾರಿಸಿದನು. ಈಗ ಬೈರಿಗೆಯನ್ನು ಮತ್ತೆ ಮತ್ತೆ ಹೊರಗೆಳೆಯಬೇಕಾಗಿರಲಿಲ್ಲ. ತಿರುಗಿದಂತೆಲ್ಲ ಹೆರೆ ತಾನಾಗಿ ಮೇಲೇರಿ ಬರುತ್ತಿತ್ತು.

ಮಣ್ಣಿಗೆ ಇಳಿದದ್ದು

ನೆಲ ಕೊರೆಯುವ ಬೈರಿಗೆಯ ಯೋಚನೆ ಇದಕ್ಕಿಂತ ಹಿಂದಿನದು. ಫ್ರಾನ್ಸಿನ ಪ್ರಸಿದ್ಧ ಕುಂಬಾರ, ನಿಸರ್ಗ ಚಿಂತಕ ಬರ್ನಾರ್ ಪಾಲಿಸಿ 1580ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಲಕ್ಕೆ ಗೊಬ್ಬರವಾಗಿ ಹಾಕುವ ಸುಣ್ಣ ಬೆರೆತ ಜೇಡಿ ಮಣ್ಣು ಎಲ್ಲಿದೆ ಎಂದು ಹುಡುಕಲು ಉದ್ದನೆಯ ಬೈರಿಗೆಯಿಂದ ನೆಲ ಕೊರೆದು ನೋಡುವ ಉಪಾಯ ಹೇಳಿದ್ದಾನೆ. ಇಲ್ಲಿ ಗುಂಡಿ ಮುಖ್ಯವಲ್ಲ, ಬೈರಿಗೆಗೆ ಅಂಟಿ ಮೇಲೆ ಬರುವ ಮಣ್ಣೇ ಮುಖ್ಯ. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಇಂದಿನ ಕೈ ಆಗರ್ ಮಾಡುವುದೂ ಇದನ್ನೇ.

ಗುಂಡಿಗಾಗಿಯೇ ಬೈರಿಗೆ ಬೇಕಾದದ್ದು ಅಮೆರಿಕದ ಹುಲ್ಲುಗಾವಲಿನಲ್ಲಿ. 1862ರ ಹೋಮ್‌ಸ್ಟೆಡ್ ಕಾಯ್ದೆ ಅಲ್ಲಿ ನೆಲೆಸಲು ಬಂದ ಕುಟುಂಬಗಳಿಗೆ 160 ಎಕರೆ ತನಕ ಭೂಮಿ ಕೊಟ್ಟಿತು. 1874ರಲ್ಲಿ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಮರ ವಿರಳವಾದ ಆ ಬಯಲಿನಲ್ಲಿಯೂ ಬೇಲಿ ಹಾಕುವುದು ಸಾಧ್ಯವಾಯಿತು. ತಂತಿ ಅಗ್ಗವಾದರೂ ಕಂಬಕ್ಕೆ ಗುಂಡಿ ಬೇಕೇ ಬೇಕು. ಹದಿನಾರೂವರೆ ಅಡಿಗೆ ಒಂದು ಕಂಬವೆಂದು ಲೆಕ್ಕ ಹಾಕಿದರೂ ಮೈಲಿಗೆ 320 ಗುಂಡಿ. ಚೌಕಾಕಾರದ 160 ಎಕರೆಗೆ ಸುತ್ತ ಬೇಲಿ ಎರಡು ಮೈಲಿ, ಅಂದರೆ 640 ಗುಂಡಿ. ಒಂದೊಂದೂ ಕಿರಿದಾಗಿರಬೇಕು, ಆಳವಾಗಿರಬೇಕು, ಕಂಬ ಅಲುಗಾಡದಂತೆ ಗೋಡೆ ನೇರವಾಗಿರಬೇಕು. ಗುದ್ದಲಿ ಸೋಲುವುದು ಇಲ್ಲಿಯೇ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಂಬದ ಗುಂಡಿಗೆಂದೇ ಮಾಡಿದ ಕೈ ಬೈರಿಗೆಗಳು ಬಳಕೆಗೆ ಬಂದವು. ಉದ್ದನೆಯ ದಂಡ, ಮೇಲೆ ಅಡ್ಡ ಹಿಡಿ, ಕೆಳಗೆ ಬಾಗಿದ ಎರಡು ಅಲಗುಗಳು. ಅಲಗುಗಳ ನಡುವೆ ಮಣ್ಣು ತುಂಬಿಕೊಂಡಾಗ ಎತ್ತಿ ಕೊಡವಬೇಕು. ಮುಂದೆ ಟ್ರ್ಯಾಕ್ಟರ್ ಬಂದಿತು. ಅದರ ಹಿಂಬದಿಯ ತಿರುಗುದಂಡದಿಂದ ಬೇರೆ ಸಲಕರಣೆಗೆ ಶಕ್ತಿ ಪಡೆಯುವ ವ್ಯವಸ್ಥೆಯೂ, ಹ್ಯಾರಿ ಫರ್ಗುಸನ್ ರೂಪಿಸಿ 1939ರ ಫೋರ್ಡ್ ಟ್ರ್ಯಾಕ್ಟರಿನಲ್ಲಿ ಬಂದ ಮೂರು ಕೊಂಡಿಗಳ ಹೈಡ್ರಾಲಿಕ್ ಎತ್ತುಗೆಯೂ ಕೂಡಿದ ಮೇಲೆ ಭಾರಿ ಬೈರಿಗೆಯನ್ನು ಎತ್ತಿ ಇಳಿಸುವುದು ಒಬ್ಬ ಚಾಲಕನ ಕೆಲಸವಾಯಿತು. ಟ್ರ್ಯಾಕ್ಟರ್ ಹೋಗಲಾಗದ ಇಳಿಜಾರಿಗೂ ಗಿಡಗಳ ಸಂದಿಗೂ ಕೈಯಲ್ಲಿ ಹಿಡಿಯುವ ಪೆಟ್ರೋಲ್ ಎಂಜಿನ್ನಿನ ಆಗರ್ ಬಂದಿತು.

ಕರ್ನಾಟಕದ ಓದುಗರಿಗೆ ಪರಿಚಿತವಾದ ಕೊಳವೆಬಾವಿಯ ಯಂತ್ರ ಈ ಸಾಲಿಗೆ ಸೇರುವುದಿಲ್ಲ. ಬಂಡೆಯನ್ನು ಅದು ಸುತ್ತಿಗೆಯಂತೆ ಬಡಿದು ಪುಡಿ ಮಾಡುತ್ತದೆ. ಪುಡಿಯನ್ನು ಕಂಪ್ರೆಸರ್‌ನ ಗಾಳಿ ಮೇಲಕ್ಕೆ ಊದುತ್ತದೆ. ಉಪಾಯ ಬೇರೆ, ತೊಡಕು ಒಂದೇ: ತಳದಲ್ಲಿ ಸೇರಿದ್ದನ್ನು ಹೊರಹಾಕುವುದು.

ಕೈಯಲ್ಲಿ ಹಿಡಿಯುವ ಶಕ್ತಿ

ಬೈರಿಗೆಗೆ ಡ್ರಿಲ್ ಜೊತೆಯಾಗಲು ಡ್ರಿಲ್ ಮೊದಲು ಕೈಗೆ ಹಗುರವಾಗಬೇಕಿತ್ತು. 1889ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ಆರ್ಥರ್ ಆರ್ನಟ್ ಮತ್ತು ವಿಲಿಯಂ ಬ್ರೈನ್ ವಿದ್ಯುತ್ ಡ್ರಿಲ್‌ಗೆ ಪೇಟೆಂಟ್ ಪಡೆದರು. 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫೈನ್ ಕಂಪನಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. 1902ರಲ್ಲಿ ಆರ್ಥರ್ ಜೇಕಬ್ಸ್ ಪೇಟೆಂಟ್ ಪಡೆದ ಚಕ್, ಬೇರೆ ಬೇರೆ ದಪ್ಪದ ಸಲಾಕೆಗಳನ್ನು ಒಂದೇ ಯಂತ್ರಕ್ಕೆ ಬಿಗಿಯುವ ಅನುಕೂಲ ಕೊಟ್ಟಿತು. 1917ರಲ್ಲಿ ಬಾಲ್ಟಿಮೋರ್‌ನ ಬ್ಲ್ಯಾಕ್ ಅಂಡ್ ಡೆಕ್ಕರ್, ಪಿಸ್ತೂಲಿನಂಥ ಹಿಡಿ ಮತ್ತು ಬೆರಳೊತ್ತು ಸ್ವಿಚ್ ಇರುವ ಡ್ರಿಲ್‌ಗೆ ಪೇಟೆಂಟ್ ಗಳಿಸಿತು. ಇಂದಿಗೂ ಡ್ರಿಲ್‌ನ ರೂಪ ಅದೇ. ಅದುವರೆಗೆ ಕಾರ್ಖಾನೆಯ ಸಲಕರಣೆಯಾಗಿದ್ದ ಡ್ರಿಲ್ಲನ್ನು ಆ ಕಂಪನಿ 1946ರಿಂದ ಮನೆಮಂದಿಗೂ ಮಾರತೊಡಗಿತು.

ತೋಟಕ್ಕೆ ಮುಟ್ಟಲು ಇನ್ನೊಂದು ಅಡ್ಡಿಯಿತ್ತು: ವಿದ್ಯುತ್ ತಂತಿ. ಹಸಿ ಮಣ್ಣಿನ ಮೇಲೆ ತಂತಿ ಎಳೆದುಕೊಂಡು ಕೆಲಸ ಮಾಡುವುದು ಅಪಾಯ. ತಂತಿಯ ಉದ್ದವೇ ತೋಟದ ಎಲ್ಲೆಯಾಗುತ್ತಿತ್ತು. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಬ್ಯಾಟರಿ ಡ್ರಿಲ್ ತಂದಿತು. 1978ರಲ್ಲಿ ಜಪಾನಿನ ಮಕಿತಾ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ ಬಿಡುಗಡೆ ಮಾಡಿತು. ಇವು ತಿರುಪು ಬಿಗಿಯಲು, ಹಲಗೆಗೆ ತೂತು ಹಾಕಲು ಸಾಕಾಗುತ್ತಿದ್ದವು. ಮಣ್ಣಿನ ಹಿಡಿತದ ಎದುರು ಅವುಗಳ ಶಕ್ತಿ ಕಡಿಮೆ. 2005ರಲ್ಲಿ ಮಿಲ್ವಾಕಿ ಕಂಪನಿಯ 28 ವೋಲ್ಟಿನ ಉಪಕರಣಗಳೊಂದಿಗೆ ಲಿಥಿಯಂ-ಅಯಾನ್ ಬ್ಯಾಟರಿ ಈ ಕ್ಷೇತ್ರಕ್ಕೆ ಬಂದ ಮೇಲೆ ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ದೊರೆಯಿತು. ಮನೆಯಲ್ಲಿರುವ ಸಾಮಾನ್ಯ ಡ್ರಿಲ್ಲೇ ತೋಟದ ಗುಂಡಿ ತೋಡಬಲ್ಲದು ಎಂಬ ಸ್ಥಿತಿ ನಿಜವಾಗಿ ಬಂದದ್ದು ಈ ಬ್ಯಾಟರಿಯಿಂದ.

ಚಂದ್ರನ ಮಣ್ಣಿನ ಪಾಠ

ಬ್ಯಾಟರಿ ಡ್ರಿಲ್ಲಿಗೆ ಸುರುಳಿ ಸಲಾಕೆ ಸಿಕ್ಕಿಸಿ ನೆಲ ಕೊರೆದ ಪ್ರಯೋಗಗಳಲ್ಲಿ ಅತ್ಯಂತ ದೂರದ್ದು ನಡೆದದ್ದು ಚಂದ್ರನ ಮೇಲೆ. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್, ಚಂದ್ರನ ಒಳಗಿನ ಶಾಖ ಅಳೆಯುವ ಉಪಕರಣ ಇಳಿಸಲು ರಂಧ್ರ ಕೊರೆಯಬೇಕಿತ್ತು. ಡ್ರಿಲ್ಲಿನಲ್ಲಿ ಶಕ್ತಿಯ ಕೊರತೆ ಇರಲಿಲ್ಲ. ಆದರೂ ಮೊದಲ ರಂಧ್ರ ಸುಮಾರು 1.6 ಮೀಟರ್ ಆಳದಲ್ಲಿ ನಿಂತುಹೋಯಿತು. ಸಲಾಕೆಯ ತುಂಡುಗಳು ಒಂದಕ್ಕೊಂದು ಕೂಡುವ ಜಾಗದಲ್ಲಿ ಸುರುಳಿ ಸರಿಯಾಗಿ ಮುಂದುವರಿದಿರಲಿಲ್ಲ. ಮೇಲೇರಬೇಕಾದ ಮಣ್ಣು ಅಲ್ಲಿ ತಡೆದು, ಒತ್ತಿಕೊಂಡು, ಸಲಾಕೆಯನ್ನೇ ಬಿಗಿಹಿಡಿಯಿತು. ಮುಂದಿನ ಯಾತ್ರೆಗಳಿಗೆ ಸುರುಳಿ ಎಲ್ಲೂ ಕಡಿಯದಂತೆ ಸಲಾಕೆಯನ್ನು ತಿದ್ದಲಾಯಿತು. 1972ರ ಅಪೊಲೊ 17ರಲ್ಲಿ ರಂಧ್ರಗಳು ಎರಡು ಮೀಟರ್ ದಾಟಿದವು. ಚಂದ್ರನ ನೆಲ ಕಲಿಸಿದ ಪಾಠ ಇದು: ಕತ್ತರಿಸಿದ್ದಕ್ಕೆ ಹೊರಹೋಗುವ ದಾರಿ ಇಲ್ಲದಿದ್ದರೆ ಕೊರೆತ ನಿಲ್ಲುತ್ತದೆ.

ತೋಟದಲ್ಲಿ ಅದರ ಕೆಲಸ

ಡ್ರಿಲ್ ಆಗರ್‌ನ ತವರು ಚಳಿ ದೇಶಗಳ ಹೂದೋಟ. ಟ್ಯುಲಿಪ್, ಡ್ಯಾಫೊಡಿಲ್‌ಗಳ ಗೆಡ್ಡೆಗಳನ್ನು ಅಲ್ಲಿ ಶರತ್ಕಾಲದಲ್ಲಿ, ನೆಲ ಹೆಪ್ಪುಗಟ್ಟುವ ಮೊದಲೇ ಹೂಳಬೇಕು. ಟ್ಯುಲಿಪ್‌ಗೆ ಸುಮಾರು 15 ಸೆಂಟಿಮೀಟರ್ ಆಳ. ಅಂಗಳ ತುಂಬ ಹೂವು ಬೇಕೆಂದರೆ ನೂರಾರು ಗುಂಡಿ, ಅದೂ ಕೆಲವೇ ವಾರಗಳಲ್ಲಿ, ಬೆನ್ನು ಬಾಗಿಸಿ. ಇಂಥ ಕೆಲಸಕ್ಕೆ 5ರಿಂದ 8 ಸೆಂಟಿಮೀಟರ್ ಅಗಲದ ಸುರುಳಿ ಹೇಳಿ ಮಾಡಿಸಿದಂತಿದೆ. ಉದ್ದನೆಯ ದಂಡವಾದರೆ ನಿಂತೇ ಕೊರೆಯಬಹುದು. ಮೊಣಕಾಲು ನೋವಿರುವವರಿಗೂ ವಯಸ್ಸಾದವರಿಗೂ ತೋಟಗಾರಿಕೆ ಕೈಬಿಟ್ಟು ಹೋಗದಂತೆ ಅದು ಉಳಿಸಿಕೊಟ್ಟಿದೆ. ಹಾಗೆಂದು ಕೈ ಕೆಲಸ ಮರೆಯಾಗಿಲ್ಲ. 1950ರಲ್ಲಿ ತೆರೆದ ನೆದರ್ಲೆಂಡ್ಸ್‌ನ ಕ್ಯೂಕೆನ್‌ಹಾಫ್ ಉದ್ಯಾನದಲ್ಲಿ ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆಗಳನ್ನು ತೋಟಗಾರರು ಇಂದಿಗೂ ಕೈಯಿಂದಲೇ ನೆಡುತ್ತಾರೆ.

ಆಗರ್‌ಗೆ ಬೇಕಾದದ್ದು ವೇಗವಲ್ಲ, ಟಾರ್ಕ್ ಎನ್ನುವ ತಿರುಗುಬಲ. ಆದ್ದರಿಂದ ಡ್ರಿಲ್ಲನ್ನು ಕಡಿಮೆ ವೇಗದ ಗೇರಿನಲ್ಲಿಡಬೇಕು. ಸುರುಳಿಯ ಅಗಲ ಎರಡರಷ್ಟಾದರೆ ಅದೇ ಆಳಕ್ಕೆ ತೆಗೆಯಬೇಕಾದ ಮಣ್ಣು ನಾಲ್ಕರಷ್ಟಾಗುತ್ತದೆ; ಐದು ಸೆಂಟಿಮೀಟರ್ ಸುರುಳಿಯನ್ನು ಸಲೀಸಾಗಿ ತಿರುಗಿಸುವ ಡ್ರಿಲ್ ಹತ್ತು ಸೆಂಟಿಮೀಟರಿನದಕ್ಕೆ ಏದುಸಿರು ಬಿಡುವುದು ಇದರಿಂದಲೇ. ಒಂದೇ ಸಮನೆ ಒತ್ತಬಾರದು. ನಾಲ್ಕೈದು ಬೆರಳಷ್ಟು ಇಳಿಸಿ, ತಿರುಗುತ್ತಿರುವಂತೆಯೇ ಮೇಲೆತ್ತಿ, ಮಣ್ಣು ಹೊರಚೆಲ್ಲಿ, ಮತ್ತೆ ಇಳಿಸಬೇಕು. ಕಲ್ಲೋ ದಪ್ಪ ಬೇರೋ ಅಡ್ಡ ಬಂದರೆ ಸುರುಳಿ ಒಮ್ಮೆಲೇ ಸಿಕ್ಕಿಕೊಳ್ಳುತ್ತದೆ. ಆಗ ತಿರುಗುವುದು ಡ್ರಿಲ್, ತಿರುಚಿಕೊಳ್ಳುವುದು ಹಿಡಿದವರ ಮಣಿಕಟ್ಟು. ಪಕ್ಕದ ಹಿಡಿಯನ್ನು ಜೋಡಿಸಿ ಎರಡೂ ಕೈಯಲ್ಲಿ ಹಿಡಿಯಬೇಕೆನ್ನುವುದು ಅದಕ್ಕೇ. ಸಡಿಲ ಬಟ್ಟೆ, ಸೆರಗು, ದುಪಟ್ಟಾ ಸುರುಳಿಯ ಹತ್ತಿರ ಸುಳಿಯಬಾರದು. ನೆಲದೊಳಗೆ ನೀರಿನ ಕೊಳವೆ, ವಿದ್ಯುತ್ ಕೇಬಲ್, ಗ್ಯಾಸ್ ಕೊಳವೆ ಇಲ್ಲವೆಂದು ಮೊದಲೇ ಖಚಿತ ಮಾಡಿಕೊಳ್ಳಬೇಕು. ಅಮೆರಿಕದಲ್ಲಿ ಅಗೆಯುವ ಮೊದಲು ವಿಚಾರಿಸಲೆಂದೇ 2007ರಿಂದ 811 ಎಂಬ ದೂರವಾಣಿ ಸಂಖ್ಯೆ ಬಳಕೆಯಲ್ಲಿದೆ.

ಸುರುಳಿಗೆ ತನ್ನದೇ ಆದ ದೋಷವೂ ಇದೆ. ಹಸಿಯಾದ ಜೇಡಿ ಮಣ್ಣಿನಲ್ಲಿ ಅದು ಗುಂಡಿಯ ಗೋಡೆಯನ್ನು ಕರಣೆಯಿಂದ ಸಾರಿಸಿದಂತೆ ನುಣ್ಣಗೆ ಮಾಡುತ್ತದೆ. ಒಣಗಿದಾಗ ಆ ಗೋಡೆ ಮಡಕೆಯಂತಾಗುತ್ತದೆ. ನೀರು ಒಳಗೇ ನಿಲ್ಲುತ್ತದೆ. ಎಳೆಯ ಬೇರು ಹೊರಗೆ ನುಗ್ಗಲಾರದೆ ಒಳಗೊಳಗೇ ಸುತ್ತುತ್ತದೆ. ಗೆಡ್ಡೆಗೂ ಕಂಬಕ್ಕೂ ಇದರಿಂದ ಬಾಧೆ ಕಡಿಮೆ, ಮರವಾಗಬೇಕಾದ ಸಸಿಗೆ ಹೆಚ್ಚು. ಮಣ್ಣು ತೀರಾ ಹಸಿಯಾಗಿರುವಾಗ ಕೊರೆಯದಿರುವುದು, ಕೊರೆದ ಮೇಲೆ ಗೋಡೆಯನ್ನು ಕುಡುಗೋಲಿನ ತುದಿಯಿಂದಲೋ ಕೈಗುದ್ದಲಿಯಿಂದಲೋ ಗೀರಿ ಒರಟು ಮಾಡುವುದು, ಬಾಯಿಯನ್ನು ಅಗಲಿಸುವುದು ಇದಕ್ಕೆ ಪರಿಹಾರ.

ಕರ್ನಾಟಕದ ಗುಂಡಿಗಳು

ಕರ್ನಾಟಕದ ತೋಟಗಳಲ್ಲಿ ಗುಂಡಿಯ ಅಳತೆ ಬೆಳೆಯಿಂದ ಬೆಳೆಗೆ ಬೇರೆ. ತೆಂಗು, ಮಾವುಗಳಿಗೆ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ವಾಡಿಕೆ. ಕಾಫಿಗೂ ಬಾಳೆಗೂ ಒಂದೂವರೆ ಅಡಿಯ, ಅಂದರೆ 45 ಸೆಂಟಿಮೀಟರಿನ ಚೌಕ. ಕಾಫಿ ತೋಟದಲ್ಲಿ ಹಗ್ಗ ಹಿಡಿದು ಗೂಟ ಹೊಡೆದು ಸಾಲು ಗುರುತಿಸಿ, ಬೇಸಗೆಯ ಮೊದಲ ಮಳೆ ಬಿದ್ದು ನೆಲ ಮೆದುವಾದಾಗ ಗುಂಡಿ ತೆಗೆಯುತ್ತಾರೆ. ಅವನ್ನು ಕೆಲ ಕಾಲ ಗಾಳಿ ಬಿಸಿಲಿಗೆ ಬಿಟ್ಟು, ಮೇಲ್ಮಣ್ಣು ಗೊಬ್ಬರ ತುಂಬಿ, ಮುಂಗಾರಿನಲ್ಲಿ ಸಸಿ ಇಡುತ್ತಾರೆ.

ಲೆಕ್ಕ ಹಾಕಿದರೆ ಸಲಕರಣೆಗಳ ನಡುವಿನ ಅಂತರ ತಿಳಿಯುತ್ತದೆ. ತೆಂಗಿನ ಗುಂಡಿಯಿಂದ ಬರುವ ಮಣ್ಣು 1000 ಲೀಟರ್. ಕಾಫಿಯ ಗುಂಡಿಯಿಂದ ಸುಮಾರು 91 ಲೀಟರ್. ಪೆಟ್ರೋಲ್ ಎಂಜಿನ್ನಿನ ಒಂದಡಿ ಅಗಲದ ಆಗರ್ ಒಂದೂವರೆ ಅಡಿ ಆಳಕ್ಕೆ ಇಳಿದರೆ ತೆಗೆಯುವುದು ಸುಮಾರು 32 ಲೀಟರ್. ಡ್ರಿಲ್ಲಿಗೆ ಸಿಕ್ಕಿಸಿದ ಏಳೂವರೆ ಸೆಂಟಿಮೀಟರ್ ಸುರುಳಿ ಒಂದಡಿ ಆಳದಲ್ಲಿ ತೆಗೆಯುವುದು ಸುಮಾರು 1.3 ಲೀಟರ್. ಆಳುಗಳ ಕೊರತೆಯಿಂದ ಮಲೆನಾಡಿನ ತೋಟಗಳಿಗೆ ಪೆಟ್ರೋಲ್ ಆಗರ್ ಬಂದಿದೆ. ಆದರೆ ಅದರ ದುಂಡು ಗುಂಡಿ ಹಳೆಯ ಚೌಕ ಗುಂಡಿಯ ಮೂರನೆಯ ಒಂದು ಪಾಲು ಮಾತ್ರ ಎಂಬುದು ಗಮನದಲ್ಲಿರಬೇಕು. ಉಳಿದ ಎರಡು ಪಾಲು ಸಡಿಲ ಮಣ್ಣು ಬೇಕೆನಿಸುವ ಕಡೆ ಗುದ್ದಲಿ ಮತ್ತೆ ಇಳಿಯಬೇಕು.

ಡ್ರಿಲ್ ಆಗರ್‌ಗೆ ಇಲ್ಲಿ ತಕ್ಕ ಜಾಗ ಮನೆಯ ಕೈತೋಟ. ಸುಗಂಧರಾಜದ ಗೆಡ್ಡೆ, ಚೆಂಡುಹೂವಿನ ಸಸಿ, ಬದನೆ ಟೊಮೆಟೊ ಸಸಿ, ಬಳ್ಳಿಗೆ ಆಸರೆಯಾಗುವ ಗೂಟ, ಬೆಳೆದ ಗಿಡದ ಸುತ್ತ ಗೊಬ್ಬರ ಹಾಕುವ ಸಣ್ಣ ಕುಳಿ: ಇವಕ್ಕೆ ಅದು ಸಾಕು. ಹದವಾಗಿ ತೇವವಿರುವ ಕೆಮ್ಮಣ್ಣು, ಮರಳು ಬೆರೆತ ಮಣ್ಣು ಅದಕ್ಕೆ ಒಗ್ಗುತ್ತವೆ. ಎರೆ ಮಣ್ಣು ಹಸಿಯಿದ್ದಾಗ ಸುರುಳಿಗೆ ಅಂಟಿಕೊಂಡು ಬಿಡುವುದಿಲ್ಲ, ಒಣಗಿದಾಗ ಕಲ್ಲಿನಂತಾಗುತ್ತದೆ. ಎರಡರ ನಡುವಿನ ಹದ ಕಾದು ಕೊರೆಯಬೇಕು. ಗರಸು ನೆಲದಲ್ಲಿ, ಕರಾವಳಿಯ ಮುರಕಲ್ಲಿನಲ್ಲಿ ಡ್ರಿಲ್ ಸೋಲುತ್ತದೆ. ಅಲ್ಲಿ ಇಂದಿಗೂ ಹಾರೆ, ಪಿಕಾಸಿಗಳೇ ಗತಿ.